ಬಲಕ್ಕೆ ಹೋದ ದೋಣಿ

ಆ ದೋಣಿ ಬಲಕ್ಕೆ ಹೋಗುತ್ತಿತ್ತು ಎಂದು ನಾನು ಹಲವರಿಗೆ ಹೇಳಿದ್ದೇನೆ. ಮೊದಲು ಕಿನ್ನರದಲ್ಲಿ ಹೇಳಿದೆ, ಆಮೇಲೆ ಬೈತಖೋಲ ಬಂದರಿನಲ್ಲಿ, ಮಂಜಗುಣಿಯ ಹೋಟೆಲಿನಲ್ಲಿ, ಊರಿಗೆ ಬಂದ ಮೇಲೆ ಕೇಳಿದವರಿಗೂ ಕೇಳದವರಿಗೂ. ಹೇಳಿದಷ್ಟೂ ಅದು ಸ್ಪಷ್ಟವಾಗಬೇಕಿತ್ತು, ಆದದ್ದು ತಿರುಗುಮುರುಗು. ನಾನು ಅದನ್ನು ಕಣ್ಣಾರೆ ಕಂಡೆನೋ, ಆಮೇಲೆ ನಡೆದದ್ದೆಲ್ಲ ಸೇರಿ ನನ್ನ ತಲೆಯೊಳಗೆ ದೋಣಿಯನ್ನು ಬಲಕ್ಕೆ ನೂಕಿತೋ, ಇದನ್ನು ಬರೆಯಲು ಕೂತಾಗಲೂ ಗಟ್ಟಿಯಾಗಿ ಹೇಳಲಾರೆ. ನನ್ನ ಬಳಿ ಒಂದೇ ಒಂದು ಫೋಟೋ ಇದೆ. ದೋಣಿ ಎಲ್ಲಿತ್ತು ಎಂದು ಫೋಟೋ ಹೇಳುತ್ತದೆ. ಎತ್ತ ಹೊರಟಿತ್ತು ಎಂದು ಹೇಳುವುದಿಲ್ಲ.

ಧಾರವಾಡದಲ್ಲಿ ನಾನು ಓದಿದ್ದು ತತ್ತ್ವಶಾಸ್ತ್ರ. ಮಬ್ಬುಗತ್ತಲಲ್ಲಿ ಕಂಡದ್ದು ಹಗ್ಗವೋ ಹಾವೋ ಎಂಬ ಪ್ರಶ್ನೆಯ ಮೇಲೆ ಎರಡು ವರ್ಷ ಪರೀಕ್ಷೆ ಬರೆದವನು. ಪಾಠ ಮಾಡುವ ಕೆಲಸ ಹಿಡಿದು ಬಿಟ್ಟೆ, ಪತ್ರಿಕೆ ಸೇರಿ ಬಿಟ್ಟೆ, ಈಗ ಯಾರು ಕರೆದರೆ ಅವರಿಗೆ ಫೋಟೋ ತೆಗೆದುಕೊಡುತ್ತೇನೆ. ಈ ಸಲ ಯಾರೂ ಕರೆದಿರಲಿಲ್ಲ. ಕಾಳಿ ನದಿ ಏರುತ್ತಿದೆ, ಬರುವುದಾದರೆ ಬಾ ಎಂದು ಕಾರವಾರದಿಂದ ಉದಯ ಫೋನು ಮಾಡಿದ್ದ. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದವನು, ಈಗ ಅಲ್ಲಿನ ಕಾಲೇಜೊಂದರಲ್ಲಿ ಮೇಷ್ಟ್ರು. ಮನೆಯಲ್ಲಿ ಕೂತಿರಲಾರದವನಿಗೆ ಅಷ್ಟು ಸಾಕಾಯಿತು.

ಹುಬ್ಬಳ್ಳಿಯಿಂದ ಬೆಳಗಿನ ಬಸ್ಸು ಹಿಡಿದೆ. ಕಲಘಟಗಿಯವರೆಗೆ ತುಂತುರು, ಯಲ್ಲಾಪುರದಲ್ಲಿ ಚಹಾಕ್ಕೆ ಇಳಿದಾಗ ಛತ್ರಿಯೂ ಉಪಯೋಗವಿಲ್ಲದ ಮಳೆ. ಹುಬ್ಬಳ್ಳಿ ಕಡೆಯ ಕಂಡಕ್ಟರು ಮೊದಲೇ ಎಚ್ಚರಿಸಿದ: "ಸುಂಕಸಾಳದಾಗ ರಸ್ತೆ ಮ್ಯಾಲೆ ನೀರು ಬಂದಿದ್ರ ಬಸ್ ವಾಪಸ್ಸ. ಆಮ್ಯಾಲೆ ನನ್ನ ಕೂಡ ಜಗಳಾ ತಗೀಬ್ಯಾಡ್ರಿ." ಅರಬೈಲ್ ಘಟ್ಟ ಇಳಿದು ಗಂಗಾವಳಿಯ ಬದಿಗೆ ಬಂದಾಗ ಹೊಳೆ ರಸ್ತೆಗಿಂತ ಒಂದು ಗೇಣು ಕೆಳಗಿತ್ತು. ಕೆಂಪು ನೀರಿನಲ್ಲಿ ಬುಡ ಸಮೇತ ಬಿದಿರು ಮೆಳೆಗಳು ನಿಂತ ಭಂಗಿಯಲ್ಲೇ ತೇಲಿ ಹೋಗುತ್ತಿದ್ದವು. ರಸ್ತೆಯ ಅಂಚಿನಲ್ಲಿ ಜನ ಛತ್ರಿ ಹಿಡಿದು ಸಾಲಾಗಿ ನಿಂತು ಹೊಳೆ ನೋಡುತ್ತಿದ್ದರು. ಆ ದಿನ ಆ ದಾರಿಯಲ್ಲಿ ದಾಟಿದ ಕೊನೆಯ ಬಸ್ಸು ನಮ್ಮದೇ ಎಂದು ನಾನು ಬಹಳ ಜನಕ್ಕೆ ಹೇಳಿದ್ದೆ. ನಿಜವಲ್ಲವಂತೆ. ನಮ್ಮ ಹಿಂದೆ ಇನ್ನೆರಡು ಬಂದವು ಎಂದು ವಾಪಸು ಬರುವಾಗ ಅದೇ ಕಂಡಕ್ಟರು ಹೇಳಿದ. ನನ್ನ ನೆನಪು ಎಂಥದ್ದು ಎಂಬುದಕ್ಕೆ ಇದನ್ನೂ ಇಲ್ಲೇ ಬರೆದಿಡುತ್ತೇನೆ.

ಅಂಕೋಲೆಯಿಂದ ಕಾರವಾರಕ್ಕೆ ಮೂವತ್ತೈದು ಕಿಲೋಮೀಟರು. ತಲುಪಿದಾಗ ಸಂಜೆ. ಪೇಟೆಯ ತಗ್ಗಿನ ಓಣಿಗಳಲ್ಲಿ ಮೊಣಕಾಲು ಮಟ್ಟ ನೀರು ನಿಂತಿತ್ತು. ಕೋಡಿಬಾಗದ ಕಡೆ ಮನೆಗಳಲ್ಲಿ ಫ್ರಿಜ್ಜನ್ನು ಮೇಜಿನ ಮೇಲೇರಿಸಿ, ಮೇಜನ್ನು ಇಟ್ಟಿಗೆಯ ಮೇಲೇರಿಸಿದ್ದರು. ಒಬ್ಬ ಸ್ಕೂಟರನ್ನು ಕರುವಿನ ಹಾಗೆ ಕೊರಳು ಹಿಡಿದು ನಡೆಸಿಕೊಂಡು ಹೋಗುತ್ತಿದ್ದ. ಕ್ಷೌರದ ಅಂಗಡಿಯೊಂದರಲ್ಲಿ ಯಜಮಾನ ತಿರುಗುವ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಪೇಪರ್ ಓದುತ್ತಿದ್ದ; ಕೆಳಗೆ ನೀರಿನಲ್ಲಿ ಯಾರದೋ ಕೂದಲು ತೇಲುತ್ತಿತ್ತು. ಕ್ಯಾಮೆರಾ ಎತ್ತಿದೆ. "ತೆಗೀರಿ ತೆಗೀರಿ," ಎಂದ ಆತ ತಲೆ ಎತ್ತದೆ, "ಆದ್ರೆ ನಿಮ್ಮ ತಲೆ ನೋಡಿದ್ರೆ ಮೊದ್ಲು ನಾ ತೆಗೀಬೇಕಾತದೆ." ಆ ಪ್ರವಾಸದಲ್ಲಿ ಚೆನ್ನಾಗಿ ಬಂದ ಫೋಟೋ ಅದೇ.

ಕಾಜುಬಾಗದ ಉದಯನ ಮನೆಯಲ್ಲಿ ಕರೆಂಟು ಇರಲಿಲ್ಲ. ಒಣಸಿಗಡಿ ಚಟ್ನಿ, ಕುಚ್ಚಲಕ್ಕಿ ಗಂಜಿ. ಎಲ್ಲರ ಬಾಯಲ್ಲೂ ಒಂದೇ ಮಾತು: ಮೇಲಿನ ಅಣೆಕಟ್ಟು ಭರ್ತಿ. ಟೀವಿಯಲ್ಲಿ ಭರ್ತಿ, ಪೇಪರಿನಲ್ಲಿ ಭರ್ತಿ. ಬಾಗಿಲು ತೆರೆಯುತ್ತೇವೆ, ತಗ್ಗಿನವರು ಮೇಲಕ್ಕೆ ಹೋಗಿ ಎಂದು ಜೀಪು ಮಧ್ಯಾಹ್ನವೇ ಊರೂರಿಗೆ ಕೂಗಿ ಹೋಗಿತ್ತಂತೆ. ಭರ್ತಿ ಎಂಬ ಶಬ್ದ ನನ್ನ ಕಿವಿಯಲ್ಲಿ ಆ ಒಂದೇ ಅರ್ಥದಲ್ಲಿ ಕೂತುಬಿಟ್ಟಿತು. ಮುಂದಿನ ತಪ್ಪೆಲ್ಲ ಅಲ್ಲಿಂದ.

ಮರುದಿನ ಕಿನ್ನರಕ್ಕೆ ಹೊರಟೆ. ಕಾರವಾರದಿಂದ ಕೈಗಾ ರಸ್ತೆಯಲ್ಲಿ ಹತ್ತು ಕಿಲೋಮೀಟರಿನ ಒಳಗೆ, ಕಾಳಿಯ ದಂಡೆಗಿರುವ ಊರು. ರಿಕ್ಷಾದವ ಅರ್ಧ ದಾರಿಗೆ ಇಳಿಸಿದ. ಮುಂದೆ ರಸ್ತೆ ನೀರಿನೊಳಗೆ ಹೋಗಿತ್ತು. ಎರಡೂ ಬದಿಯ ಗದ್ದೆ ಯಾವುದು ಹೊಳೆ ಯಾವುದು ಎಂದು ತಿಳಿಯಲು ವಿದ್ಯುತ್ ಕಂಬಗಳನ್ನು ನೋಡಬೇಕಿತ್ತು. ಪ್ಯಾಂಟು ಮಡಚಿ, ಕ್ಯಾಮೆರಾ ತಲೆಯ ಮೇಲಿಟ್ಟುಕೊಂಡು, ಎತ್ತರದ ದಾರಿಯಲ್ಲಿ ಹೋಗುತ್ತಿದ್ದವರ ಹಿಂದೆ ನಡೆದೆ.

ಹೊಳೆಯ ಅಂಚಿನ ಮನೆಗಳವರನ್ನು ದಿಬ್ಬದ ಮೇಲಿನ ಶಾಲೆಯಲ್ಲಿ ಇರಿಸಿದ್ದರು. ಜಗಲಿಯಲ್ಲಿ ದೊಡ್ಡ ಪಾತ್ರೆಯಲ್ಲಿ ಅನ್ನ ಬೇಯುತ್ತಿತ್ತು. ಕಂಬಕ್ಕೆ ಕಟ್ಟಿದ ಆಡು, ಬೆಂಚಿನ ಕೆಳಗೆ ಬುಟ್ಟಿ ಕವುಚಿ ಮುಚ್ಚಿದ ಕೋಳಿಗಳು. ಕೋಳಿಗಳ ಪಕ್ಕ ಕೂತಿದ್ದ ಹೆಂಗಸಿನ ಹೆಸರು ಸುಮನ. ಅವಳ ಗಂಡ ದಾಮೋದರ ಮಳೆಗಾಲ ಬಿಟ್ಟು ಉಳಿದ ತಿಂಗಳು ಬೈತಖೋಲದಲ್ಲಿ ಟ್ರಾಲರಿನ ಆಳು. ಮಳೆಗಾಲದಲ್ಲಿ ಟ್ರಾಲರು ಕಡಲಿಗಿಳಿಯುವಂತಿಲ್ಲ. ಆಗ ಮನೆ ನಡೆಯುವುದು ಒಂದು ಪಾತಿ ದೋಣಿಯಿಂದ. ಹೊಳೆಯಲ್ಲಿ ಗಂಡ ಬಲೆ ಬಿಡುತ್ತಾನೆ, ಹೆಂಡತಿ ಹುಟ್ಟು ಹಾಕುತ್ತಾಳೆ, ಮೀನು ಅವಳೇ ಮಾರುತ್ತಾಳೆ. ಆ ದೋಣಿ ಹೋಗಿತ್ತು.

"ರಾತ್ರೆಯೇ ಹೋಯ್ತು," ಎಂದ ದಾಮೋದರ. ರಕ್ಷಣೆಯವರ ರಬ್ಬರು ದೋಣಿಯಲ್ಲಿ ಬೆಳಗಿನಿಂದ ಜನರನ್ನು ಸಾಗಿಸಿ ಆಗಷ್ಟೇ ಬಂದು ನಿಂತಿದ್ದ. ಮೈಯಿಂದ ನೀರು ಇಳಿಯುತ್ತಿತ್ತು. "ನಾನೇ ಸಂಜೆ ಗೂಟಕ್ಕೆ ಬಿಗಿದು ಕಟ್ಟಿ ಬಂದವ. ಅಂಥಾ ನೀರಿಗೆ ಯಾವ ಕಟ್ಟು ನಿಂತದೆ? ಹೊಳಿ ತಗೊಂಡು ಹೋಯ್ತು, ಕಡಲಿಗೆ ಕೊಡ್ತು." ಸುಮನ ಕೋಳಿಬುಟ್ಟಿಯ ಕಿಂಡಿಯಲ್ಲಿ ಅಕ್ಕಿಕಾಳು ಹಾಕುತ್ತಿದ್ದಳು. ಆತ ಅವಳತ್ತ ತಿರುಗಿ, "ಇವ್ಳಿಗೆ ದೋಣಿ ಚಿಂತೆ ಇಲ್ಲ ನೋಡಿ. ಎದೆಮಟ್ಟ ನೀರಲ್ಲಿ ಹೋಗಿ ಕೋಳಿ ತಂದಾಳೆ. ಕೋಳಿ ಹಾಯ್ಸಿ ಮೀನು ಹಿಡೀವಾ ಇನ್ನು!" ಎಂದ. ಸುತ್ತಲಿದ್ದವರು ನಕ್ಕರು. ಅವಳು ನಗಲಿಲ್ಲ.

ಶಾಲೆಯ ಹಿಂದೆ ಒಂದು ಚಿರೇಕಲ್ಲಿನ ದಿಣ್ಣೆ. ಅಲ್ಲಿಂದ ಹೊಳೆ ಇಡಿಯಾಗಿ ಕಾಣುತ್ತಿತ್ತು. ಹೊಳೆಗೆ ಮುಖಮಾಡಿ ನಿಂತರೆ ಎಡಗೈಗೆ ಕಾರವಾರ, ಸೇತುವೆ, ಕಡಲು. ಬಲಗೈಗೆ ಕೈಗಾದ ಕಾಡು, ಅಣೆಕಟ್ಟು. ಊಟ ಮಾಡಿ ನಾನು ಅಲ್ಲಿಗೆ ಹೋದೆ. ಮಳೆ ಬಿಟ್ಟಿತ್ತು. ಬೆಳಿಗ್ಗೆಗಿಂತ ನೀರು ಇಳಿದಿತ್ತು, ಗದ್ದೆಯ ಬದುಗಳು ಅಲ್ಲಲ್ಲಿ ಬೆನ್ನು ತೋರಿಸುತ್ತಿದ್ದವು. ಆಗ ದೂರದಲ್ಲಿ, ಹೊಳೆಯ ಈ ದಂಡೆಗೆ ಹತ್ತಿರವಾಗಿ, ಖಾಲಿ ದೋಣಿಯೊಂದು ಕಂಡಿತು. ಒಂದು ಫೋಟೋ ತೆಗೆದೆ. ಲೆನ್ಸಿನ ಮೇಲೆ ಆವಿ ಕೂತಿತು. ಒರೆಸುತ್ತ ಬರಿಗಣ್ಣಿನಲ್ಲಿ ನೋಡುತ್ತ ನಿಂತೆ. ದೋಣಿ ಅವಸರವಿಲ್ಲದೆ, ಮೂತಿ ಸ್ವಲ್ಪ ಓರೆ ಮಾಡಿಕೊಂಡು, ಒಂದು ಮಾವಿನ ಮರದ ಹಿಂದೆ ಮರೆಯಾಯಿತು. ಮರ ನನ್ನ ಬಲಕ್ಕಿತ್ತು. ಒರೆಸಿ ಮುಗಿಯುವಷ್ಟರಲ್ಲಿ ಕೆಳಗೆ ರಸ್ತೆಯಲ್ಲಿ ಗಲಾಟೆ ಕೇಳಿ ಆ ಕಡೆ ತಿರುಗಿದೆ: ಕೈಗಾದ ಸಿಬ್ಬಂದಿಯ ಕಂಪನಿ ಬಸ್ಸೊಂದು ದೀಪ ಹಾಕಿಕೊಂಡು, ಚಕ್ರ ಮುಳುಗುವ ನೀರನ್ನು ಸೀಳಿಕೊಂಡು ಮೆಲ್ಲನೆ ದಾಟುತ್ತಿತ್ತು. ಆ ಪ್ರವಾಹದಲ್ಲಿ ಅಲ್ಲಿ ದಾಟಿದ ಮೊದಲ ಬಸ್ಸು. ಜನ ಚಪ್ಪಾಳೆ ಹೊಡೆದರು. ಅದರ ಫೋಟೋ ತೆಗೆದೆ.

ಶಾಲೆಗೆ ಬಂದು ಕ್ಯಾಮೆರಾದ ಪರದೆಯಲ್ಲಿ ದೋಣಿಯನ್ನು ದಾಮೋದರನಿಗೆ ತೋರಿಸಿದೆ. ಮಬ್ಬು ನೀರಿನಲ್ಲಿ ಒಂದು ಕಪ್ಪು ಗೀರು, ಅಷ್ಟೇ. ಆತ ಕಣ್ಣು ಕಿರಿದು ಮಾಡಿ ನೋಡಿದ.

"ಇದು ನಮ್ದಲ್ಲ. ಮೇಲಿಂದ ಯಾರ್ದೋ ಕಳಚಿ ಬಂದದ್ದು."

"ಆದರೆ ಇದು ಬಲಕ್ಕೆ ಹೋಗುತ್ತಿತ್ತು," ಎಂದೆ. "ಮಾವಿನ ಮರದ ಕಡೆಗೆ."

"ಬಲಕ್ಕೆ?" ಆತ ಪಕ್ಕದವರ ಕಡೆ ನೋಡಿದ. "ಕೇಳಿದ್ರಾ? ನೆರೆ ಬಂದ ಹೊಳಿ ಘಟ್ಟ ಹತ್ತಿತ್ತಂತೆ. ಫೋಟೋದವ್ರೇ, ನೀವು ಹೊಳಿಗೆ ಬೆನ್ನು ಮಾಡಿ ನಿಂತಿದ್ರೋ ಎಂತ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕ ಮೇಲೆ ಅನುಮಾನ ಬಂತು. ನೆರೆ ನೀರು ಕಡಲಿನ ಕಡೆಗೇ ಹೋಗಬೇಕು, ಇದು ತರ್ಕ. ನಾನು ಕಂಡದ್ದು ತರ್ಕಕ್ಕೆ ಕೂಡುತ್ತಿಲ್ಲ. ಎಡಕ್ಕೂ ಒಂದು ಮಾವಿನ ಮರ ಇದ್ದಿರಬಹುದಲ್ಲವೇ? ಲೆನ್ಸು ಒರೆಸುತ್ತ ನಾನು ಸುತ್ತ ತಿರುಗಿರಬಹುದಲ್ಲವೇ? ಕ್ಯಾಮೆರಾದ ಗಡಿಯಾರವನ್ನೂ ನಂಬುವಂತಿಲ್ಲ. ಬ್ಯಾಟರಿ ತೆಗೆದಾಗಲೆಲ್ಲ ಅದು ತಾನು ಹುಟ್ಟಿದ ದಿನಕ್ಕೆ ವಾಪಸು ಹೋಗುತ್ತದೆ. ಹೊರಡುವ ಮುಂಚೆ ಸುಮನಳೂ ಫೋಟೋ ನೋಡಬೇಕೆಂದಳು. ಬಹಳ ಹೊತ್ತು ನೋಡಿದಳು. ಪರದೆಯ ಮೇಲೆ ಬೆರಳಿಡಲು ಹೋಗಿ ಹಿಂದೆಗೆದಳು. ಗಂಡ ದೂರವಿದ್ದಾನೆಯೇ ಎಂದು ನೋಡಿ, "ಭರ್ತಿ ಸಂಗ್ತಿ ಹೋಗದೆ," ಎಂದಳು. ಭರ್ತಿಯ ಜೊತೆ ಹೋಗಿದೆ. ಹೌದು ಪಾಪ, ಅಣೆಕಟ್ಟು ಭರ್ತಿಯಾದ ಹೊತ್ತಿಗೇ ಹೋಯಿತು ಎನ್ನುತ್ತಿದ್ದಾಳೆ ಎಂದುಕೊಂಡು ನಾನು ತಲೆಯಾಡಿಸಿದೆ. ಅವಳು ನನ್ನನ್ನು ನೋಡುತ್ತಲೇ ಇದ್ದಳು, ನಾನು ಇನ್ನೇನೋ ಹೇಳುತ್ತೇನೆ ಎಂಬಂತೆ.

ಮಾರನೆಯ ದಿನ ದಾಮೋದರನೇ ಕಾರವಾರಕ್ಕೆ ಬಂದ. ದೋಣಿ ಹುಡುಕಲು ಬೈತಖೋಲಕ್ಕೆ ಹೊರಟಿದ್ದ; ನಾನೂ ಜೊತೆಗೆ ಹೋದೆ. ಬಂದರಿನಲ್ಲಿ ಟ್ರಾಲರುಗಳು ಒಂದರ ಮೈಗೊಂದು ಒತ್ತಿ ನಿಂತಿದ್ದವು, ಮಳೆಗಾಲದ ರಜೆಯಲ್ಲಿ. ಮೀನಿನ ಹರಾಜಿನ ಕಟ್ಟೆ ಖಾಲಿ. ಅದರ ಮೇಲೆ ಬಲೆ ಹೊಲಿಯುವವರು ಕೂತಿದ್ದರು. ನದಿ ಕಡಲಿಗೆ ಕೊಟ್ಟದ್ದನ್ನೆಲ್ಲ ಕಡಲು ದಡಕ್ಕೆ ತಂದು ಹಾಕಿತ್ತು: ಮರದ ದಿಮ್ಮಿಗಳು, ತೆಂಗಿನಕಾಯಿ, ಪ್ಲಾಸ್ಟಿಕ್ ಕುರ್ಚಿ, ಯಾರ ಮನೆಯದೋ ಬಾಗಿಲು, ಬಾಗಿಲಿಗೆ ಅಂಟಿಸಿದ ದೇವರ ಚಿತ್ರ. ದಾಮೋದರ ಪ್ರತಿ ಗುಂಪಿನ ಹತ್ತಿರ ನಿಂತು ಕೇಳಿದ: ಕರಿ ಡಾಂಬರು ಬಳಿದ ಪಾತಿ, ಮೂತಿಗೆ ಹಳದಿ ಪಟ್ಟಿ, ಕಂಡ್ರಾ?

"ಅರೇ ದಾಮೂ, ನಿನ್ನ ಪಾತಿ ಇಷ್ಟೊತ್ತಿಗೆ ಗೋವಾಕ್ಕೆ ಹೋಗಿ ಮಜಾ ಮಾಡ್ತಾ ಅದೆ," ಎಂದ ಬಲೆ ಹೊಲಿಯುತ್ತಿದ್ದವನೊಬ್ಬ. "ನಿನ್ನ ಸಂಗ್ತಿ ಇದ್ದು ಬೇಜಾರಾಗಿರ್ಬೇಕು ಅದ್ಕೆ."

ದಾಮೋದರ ಅವನಿಗೆ ತಕ್ಕ ಉತ್ತರ ಕೊಟ್ಟ; ಅದನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಕಟ್ಟೆಯಿಂದ ಇಳಿದು ಬರುವಾಗ ಆತನ ನಡಿಗೆ ಬದಲಾಗಿತ್ತು. ಕಡಲಿನ ಕಡೆ ಮುಖಮಾಡಿ ನಿಂತು, "ಅಪ್ಪನ ಕಾಲದ ದೋಣಿ ಅಂತಲ್ಲ," ಎಂದ. "ನಾನೇ ಮಾಡ್ಸಿದ್ದು, ಹೋದ ವರ್ಷ. ಇನ್ನೊಂದು ಮಾಡ್ಸುಕೆ ನಮ್ಮ ಹತ್ರ ಆಗುದಿಲ್ಲ. ದೋಣಿ ಇಲ್ದೇ ಇದ್ರೆ ಅವ್ಳು ಮನೆ ಕೆಲ್ಸಕ್ಕೆ ಪೇಟೆಗೆ ಬರ್ಬೇಕಾತದೆ. ಬರ್ತಾಳೆ. ಆದ್ರೆ ಹೊಳಿ ಮೇಲೆ ಇದ್ದವ್ಳು ಅವ್ಳು."

ದೋಣಿ ಎಡಕ್ಕೆ ಹೋಗಿದ್ದರೆ ಆ ಮಾತು ಅಲ್ಲಿಗೆ ಮುಗಿಯಿತು. ನಾನು "ಬಲಕ್ಕೆ" ಎಂದು ಇನ್ನೊಮ್ಮೆ ಅಂದೆ, ಮೆಲ್ಲಗೆ. ಆತ ಈ ಸಲ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ನೆರೆ ಬಂದ ಹೊಳಿಗೆ ಬಲ ಇಲ್ಲ ಎಡ ಇಲ್ಲ, ಒಂದೇ ದಿಕ್ಕು," ಎಂದು ಬೀಡಿ ಹಚ್ಚಿದ. ಹೊಳೆಯ ಮೇಲೆ ಹುಟ್ಟಿ ಬೆಳೆದವನ ಮಾತು. ನಾನು ನನ್ನ ನೆನಪನ್ನು ಆತನ ಮಾತಿನೆದುರು ಕೆಳಗಿಟ್ಟೆ.

ಅದರ ಮರುದಿನ ಬೆಳಿಗ್ಗೆ ಅಂಕೋಲೆಗೆ ಹೊರಟೆ. ಗಂಗಾವಳಿ ಇಳಿದಿತ್ತು, ಅದರ ಬದಿಯ ಊರುಗಳು ಕೆಸರೆತ್ತುತ್ತಿದ್ದವು. ಪ್ರವಾಹಕ್ಕಿಂತ ಅದು ಮುಗಿದ ಮೇಲಿನ ದಿನಗಳ ಫೋಟೋ ಕಷ್ಟ. ನೀರಿಗೆ ಒಂದು ಗಾಂಭೀರ್ಯ ಇರುತ್ತದೆ, ಕೆಸರಿಗೆ ಇಲ್ಲ. ಬಸ್ ಸ್ಟ್ಯಾಂಡಿನ ಎದುರು ಬನ್ಸ್-ಭಾಜಿ ತಿಂದು ಮಂಜಗುಣಿಯ ಕಡೆ ಹೋದೆ. ನದಿ ಕಡಲು ಸೇರುವ ಜಾಗ ಅಲ್ಲಿಗೆ ಹತ್ತಿರ. ದಾರಿಯುದ್ದಕ್ಕೂ ಬೇಲಿಗಳ ಮೇಲೆ ಹಾಸಿಗೆ, ಪುಸ್ತಕ, ಸೀರೆ, ಎಲ್ಲ ಒಂದೇ ಬಣ್ಣ. ಹೆಂಗಸರು ತೆಂಗಿನ ಹೆಡೆಮಟ್ಟೆಯಿಂದ ಮನೆಯೊಳಗಿನ ರಾಡಿ ಹೊರಗೆ ತಳ್ಳುತ್ತಿದ್ದರು. ಒಬ್ಬಳು ನನ್ನ ಕ್ಯಾಮೆರಾ ನೋಡಿ, "ಫೋಟೋ ಆಮೇಲೆ, ಮೊದ್ಲು ಈ ಕಪಾಟಿಗೆ ಒಂದು ಕೈ ಹಾಕಿ," ಎಂದಳು. ಹಾಕಿದೆ. ಫೋಟೋ ಮರೆತೇಹೋಯಿತು.

ಹೊಳೆಯ ಹತ್ತಿರ ಬೀರಣ್ಣ ಎಂಬ ಮುದುಕರ ಚಹಾದ ಹೋಟೆಲು. ಹೋಟೆಲಿನ ಬಾಗಿಲಚೌಕಟ್ಟಿನಲ್ಲಿ ಎರಡು ಮೊಳೆ ಹೊಡೆದಿತ್ತು, ಎದೆಮಟ್ಟದಲ್ಲೊಂದು, ಸೊಂಟದ ಮಟ್ಟದಲ್ಲೊಂದು. ಕೆಳಗಿನದು ಈ ಸಲದ ನೆರೆ, ಮೇಲಿನದು ಹಿಂದೊಂದು ಸಲದ ದೊಡ್ಡ ನೆರೆ ಎಂದರು. ಚೌಕಟ್ಟು ಹೊಸದಾಗಿ ಕಂಡಿತು. ಕೇಳಿದೆ.

"ಹೌದು, ಹಳೇದು ಆ ನೆರೆಗೇ ಹೋಯ್ತಲ್ಲ ತಮಾ. ಇದು ಆಮೇಲೆ ಹಾಕ್ಸಿದ್ದು."

"ಮತ್ತೆ ಮೇಲಿನ ಮೊಳೆ?"

"ನೆನಪಿಂದ ಹೊಡ್ದದ್ದು."

ನನಗೆ ನಗು ಬಂತು. ಒಳಗೆ ಬನ್ಸ್ ಲಟ್ಟಿಸುತ್ತಿದ್ದ ಅವರ ಹೆಂಡತಿ, "ಅದು ಅಷ್ಟು ಮೇಲೆ ಬರ್ಲಿಲ್ಲ. ಅವ್ರು ಆಗ ಕೂತಿದ್ರು, ಅದ್ಕೆ ಎದೆಮಟ್ಟ," ಎಂದರು. ಬೀರಣ್ಣ ಕೇಳಿಸದವರ ಹಾಗೆ ಗ್ಲಾಸು ತೊಳೆದರು.

ನೀರು ಎಷ್ಟು ದಿನ ನಿಂತಿತ್ತು ಎಂದು ಕೇಳಿದಾಗ ಅವರು ಹೊಳೆಯ ಬಾಯಿಯ ಕಡೆ ಕೈ ತೋರಿಸಿದರು. "ಮೇಲಿಂದ ಬಂದದ್ದು ಇಳೀಬೇಕಾದ್ರೆ ಕಡಲು ದಾರಿ ಬಿಡ್ಬೇಕಲ್ಲ? ಮೊದ್ಲ ದಿನ ನೆರೆಯೇ ದೊಡ್ಡದು, ಕಡಲನ್ನೇ ದೂಡ್ತು. ಎರಡ್ನೇ ದಿನ ನೆರೆ ಸೋತಿತು, ಭರ್ತಿ ಗೆದ್ದಿತು. ಭರ್ತಿ ಮೇಲಕ್ಕೆ ಹತ್ತುವಾಗ ಹೊಳಿ ಹಿಂದೆ ಹಿಂದೆ ಹೋತದೆ. ನಮ್ಮ ಕೊಡಪಾನ ಇಲ್ಲಿಂದ ತೇಲಿದ್ದು ಆ ಮೇಲಿನ ಕೇರೀಲಿ ಸಿಕ್ತು, ಗೊತ್ತದ್ಯಾ?"

ಗ್ಲಾಸು ನನ್ನ ಕೈಯಲ್ಲೇ ಉಳಿಯಿತು. "ಭರ್ತಿ ಅಂದರೆ?"

ಬೀರಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಭರ್ತಿ ಅಂದ್ರೆ ಭರ್ತಿ. ಕಡಲು ಏರುದು. ನಿಮ್ಮ ಊರಲ್ಲಿ ಎಂತ ಹೇಳ್ತ್ರಿ?"

ನಮ್ಮ ಊರಲ್ಲಿ ಕಡಲಿಲ್ಲ. ಅಲ್ಲಿ ಭರ್ತಿಯಾಗುವುದು ಕೆರೆ, ಅಣೆಕಟ್ಟು, ಬಸ್ಸು. ಪುಸ್ತಕದ ಕನ್ನಡದಲ್ಲಿ ಕಡಲಿನದು ಉಬ್ಬರ. ಸುಮನ ಹೇಳಿದ್ದು ಅಣೆಕಟ್ಟಿನ ಮಾತಲ್ಲ. ದೋಣಿ ಉಬ್ಬರದ ಜೊತೆ ಹೋಗಿದೆ ಎಂದಿದ್ದಳು. ಉಬ್ಬರದ ಜೊತೆ ಹೋದದ್ದು ಬಲಕ್ಕೇ ಹೋಗಬೇಕು. ಅಂದರೆ ದೋಣಿ ಹೋದದ್ದು ರಾತ್ರಿಯ ನೆರೆಗೆ ಅಲ್ಲ, ಮರುದಿನ ಹಗಲು. ಅದು ಅವಳಿಗೆ ಹೇಗೆ ಗೊತ್ತು? ಗೊತ್ತಿದ್ದರೆ ಗಂಡನಿಗೆ ಯಾಕೆ ಹೇಳಲಿಲ್ಲ? ನನ್ನ ಫೋಟೋ ಕೆಲಸ ಅಲ್ಲಿಗೆ ನಿಂತಿತು. ಮಧ್ಯಾಹ್ನದ ಬಸ್ಸಿನಲ್ಲಿ ವಾಪಸು ಹೊರಟೆ. ಬಸ್ಸು ಅಕ್ಷರಶಃ ಭರ್ತಿಯಾಗಿತ್ತು. ಕಾರವಾರದವರೆಗೂ ನಿಂತೇ ಬಂದೆ.

ಕಿನ್ನರದಲ್ಲಿ ಜನ ಶಾಲೆಯಿಂದ ಮನೆಗಳಿಗೆ ಮರಳಿದ್ದರು. ದಾಮೋದರ ಪಕ್ಕದ ಮನೆಯ ಮಾಡಿಗೆ ಹೆಂಚು ಹೊದಿಸುತ್ತಿದ್ದ. ಸುಮನ ಅಂಗಳದ ಕೆಸರು ತೆಗೆಯುತ್ತಿದ್ದಳು. ಅಂಗಳ ಮುಗಿದು ಹೊಳೆ ಶುರುವಾಗುವಲ್ಲಿ ದಡ ಒಂದು ಮಾರಿನಷ್ಟು ಕುಸಿದು ಹೋಗಿತ್ತು.

"ಸುಮನಕ್ಕ, ನೀವು ಮೊನ್ನೆ ಹೇಳಿದ ಭರ್ತಿ ಕಡಲಿನದೋ?"

ಅವಳು ಸಲಿಕೆ ನಿಲ್ಲಿಸಿದಳು. "ಮತ್ತೆ ಎಂಥದ್ದು? ನೀವು ಬಲಕ್ಕೆ ಅಂದ್ರಲ್ಲ. ನಿಮ್ಗೆ ತಿಳೀತು ಅಂತ ಮಾಡಿದ್ದೆ ನಾನು."

ಆಮೇಲೆ ಮೆಲ್ಲಗೆ ಹೇಳಿದಳು. ನೆರೆಯ ರಾತ್ರಿ ಕಳೆದು ಬೆಳಿಗ್ಗೆ ಅವಳು ಮನೆಗೆ ಬಂದಾಗ ದೋಣಿ ಗೂಟದಲ್ಲೇ ಇತ್ತು. ಕೋಳಿಗಳು ಮಾಡಿನ ಜಂತಿಯ ಮೇಲೆ ಕೂತು ಕೂಗುತ್ತಿದ್ದವು. ತಲೆಯ ಮೇಲೆ ಬುಟ್ಟಿ ಹೊತ್ತು ಆ ನೀರಿನಲ್ಲಿ ನಡೆಯುವುದಾಗಲಿಲ್ಲ. ದೋಣಿ ಬಿಚ್ಚಿ, ಕೋಳಿಬುಟ್ಟಿ ಹಾಕಿಕೊಂಡು ದಿಬ್ಬದ ಬುಡಕ್ಕೆ ಹೋಗಿ ಇಳಿಸಿ, ಮತ್ತೆ ತಂದು ಅದೇ ಗೂಟಕ್ಕೆ ಕಟ್ಟಿ, ಕೈ ಖಾಲಿಯಾದ ಮೇಲೆ ಬೇಲಿ ಹಿಡಿದು ನೀರಲ್ಲಿ ನಡೆದು ಬಂದಳು. "ಅವ್ರು ಕಟ್ಟಿದ್ದು ಅಂಥಾ ರಾತ್ರೆ ನಿಂತಿತು. ನಾ ಕಟ್ಟಿದ್ದು ಹಗಲಿಗೇ ಹೋಯ್ತು. ಕೋಳಿ ಸಲುವಾಗಿ ದೋಣಿ ಕಳ್ದಳು ಅಂತ ಜನ್ಮ ಇಡೀ ಕೇಳ್ಬೇಕು ನಾನು. ನೆರೆ ತಗೊಂಡು ಹೋಯ್ತು ಅಂದ್ರೆ ಅವ್ರಿಗೂ ಸಮಾಧಾನ, ನಂಗೂ ಸಮಾಧಾನ."

"ಹೇಳದಿದ್ದರೆ ಅವರು ಕಡಲಿನ ಕಡೆಗೇ ಹುಡುಕುತ್ತಿರುತ್ತಾರೆ."

"ಗೊತ್ತದೆ," ಎಂದಳು. "ಎರಡು ದಿನದಿಂದ ಅದೇ ಗೊತ್ತದೆ."

ನಾನು ಹೇಳಲೇ ಎಂದು ಕೇಳಿದೆ. ಬೇಡ ಎಂದಳು. ಸಲಿಕೆಯನ್ನು ಗೋಡೆಗೆ ಒರಗಿಸಿ, ಕಾಲು ತೊಳೆದು, ಪಕ್ಕದ ಮನೆಯ ಏಣಿಯ ಬುಡಕ್ಕೆ ಹೋಗಿ ನಿಂತಳು. ಅವರ ಮಾತು ಕೊಂಕಣಿಯಲ್ಲಿತ್ತು. ನನಗೆ ಅರ್ಥವಾದದ್ದು ಕೊಂಬೆ ಎಂಬ ಒಂದೇ ಶಬ್ದ, ಅಂದರೆ ಕೋಳಿ. ಮಾಡಿನ ಮೇಲೆ ಹೆಂಚು ಕೂರಿಸುವ ಸದ್ದು ನಿಂತಿತು. ಕೊನೆಗೆ ದಾಮೋದರ ಏಣಿ ಇಳಿದು ನನ್ನತ್ತ ಬಂದ. ಬೈಯುತ್ತಾನೆ ಎಂದುಕೊಂಡೆ. "ಮಾವಿನ ಮರ ನಿಮ್ಗೆ ಬಲಕ್ಕೆ ಇತ್ತು ಅಂದ್ರಲ್ಲ," ಎಂದ, "ಖಾತ್ರಿ?"

ಈ ಪ್ರವಾಸದಲ್ಲಿ ನನಗೆ ಎದುರಾದ ಕಷ್ಟದ ಪ್ರಶ್ನೆ ಅದು. ಖಾತ್ರಿ ಇರಲಿಲ್ಲ. ಆದರೂ "ಹೌದು" ಎಂದೆ.

ಪಕ್ಕದ ಮನೆಯ ವಸಂತನ ದೋಣಿ ಸಿಕ್ಕಿತು. ಮರುದಿನ ಭರ್ತಿ ಶುರುವಾಗುವವರೆಗೆ ಕಾದು ಹೊರಟೆವು, ಅದು ಒಯ್ದಲ್ಲಿಗೇ ಹೋಗಿ ನೋಡುವ ಲೆಕ್ಕದಲ್ಲಿ. ವಸಂತ ಹಿಂದೆ, ದಾಮೋದರ ಮುಂದೆ ಹುಟ್ಟು ಹಾಕಿದರು. ನಡುವೆ ಸುಮನ, ಅವಳ ಎದುರು ನಾನು. ಗಂಡಹೆಂಡಿರು ಮಾತಾಡುತ್ತಿರಲಿಲ್ಲ. ಮಾವಿನ ಮರ ದಾಟಿತು. ಒಂದೇ ಇತ್ತು, ಅದನ್ನು ನೋಡಿ ನನಗೆ ಸ್ವಲ್ಪ ಧೈರ್ಯ ಬಂತು. ಹೊಳೆಯ ನಡುವಿನ ದ್ವೀಪಗಳಿಗೆ ಅಲ್ಲಿ ಜೂಗ ಎನ್ನುತ್ತಾರೆ. ಅಂಥ ಒಂದು ಸಣ್ಣ ಜೂಗದ ಅಂಚಿನಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರು ಬೆರಳುಗಳ ಹಾಗೆ ನೀರಿಗೆ ಇಳಿದಿದ್ದವು. ಮೊದಲು ಕಂಡವಳು ಸುಮನ. ಹೇಳಲಿಲ್ಲ, ಕೈ ಮಾತ್ರ ಎತ್ತಿದಳು. ಹಸಿರಿನೊಳಗೆ ಒಂದು ಹಳದಿ ಪಟ್ಟಿ.

ದೋಣಿ ಬೇರುಗಳ ನಡುವೆ ಓರೆಯಾಗಿ ಸಿಕ್ಕಿಕೊಂಡು ಅರ್ಧ ಕೆಸರು ತುಂಬಿಕೊಂಡಿತ್ತು. ಒಂದು ಹಲಗೆ ಬಿರಿದಿತ್ತು. ದಾಮೋದರ ಸೊಂಟಮಟ್ಟ ಕೆಸರಿಗಿಳಿದು, ಮೂತಿಯ ಬಳೆಗೆ ಕಟ್ಟಿದ್ದ ಹಗ್ಗ ಹಿಡಿದು ಎಳೆದ. ಬರಲಿಲ್ಲ. ಇನ್ನೊಂದು ತುದಿ ಕೆಸರಿನೊಳಗೆ ಎಲ್ಲೋ ಸಿಕ್ಕಿತ್ತು. ವಸಂತನೂ ಇಳಿದ. ಇಬ್ಬರೂ ಒಟ್ಟಿಗೆ ಎಳೆದಾಗ ಕೆಸರು ಬಾಯಿಬಿಟ್ಟು ಗೂಟ ಹೊರಬಂತು. ಅಂಗಳದ ಅಂಚಿನ ಅದೇ ಗೂಟ, ಬುಡ ಸಮೇತ. ಅದರ ಕೊರಳಿಗೆ ಹಗ್ಗದ ಗಂಟು ಕಟ್ಟಿದ ಹಾಗೇ ಇತ್ತು.

ದಾಮೋದರ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. "ಗಂಟು ಬಿಡ್ಲೇ ಇಲ್ಲ," ಎಂದ.

"ನಾ ಕಟ್ಟಿದ್ದು," ಎಂದಳು ಸುಮನ. ಸ್ವಲ್ಪ ತಡೆದು, "ಗೂಟ ಹುಗ್ದವ್ರು ಯಾರು?" ಎಂದಳು.

ವಸಂತ ನಕ್ಕು ನಕ್ಕು ಕೆಸರಿನಲ್ಲಿ ಕೂತೇಬಿಟ್ಟ. ದಾಮೋದರ ಆ ಕಡೆ ಈ ಕಡೆ ನೋಡಿದ. "ದಡವೇ ಕುಸೀತು. ಮಣ್ಣು ಸಡ್ಲ ಆಗಿತ್ತು."

"ಹೌದೌದು. ಮಣ್ಣಿಂದೇ ತಪ್ಪು."

"ಸಾಕು ಗೋ, ಹುಟ್ಟು ಹಿಡಿ," ಎಂದ ಆತ. ಅವಳು ವಸಂತನ ದೋಣಿಯಿಂದ ಹುಟ್ಟು ತೆಗೆದುಕೊಂಡು ಕೆಸರಿಗಿಳಿದಳು. ಆ ಹೊತ್ತಿಗೆ ನಾನು ಗೂಟದ ಫೋಟೋ ತೆಗೆದೆ. ದೋಣಿ ದಡ ಸೇರಿದ ಮೇಲೆ ಯಾವ ಫೋಟೋ ಕಳಿಸಲಿ ಎಂದು ಕೇಳಿದಾಗ ಸುಮನ, "ಆ ಮೊದ್ಲಿಂದು ಬೇಡ. ಗೂಟದ್ದು ಕಳ್ಸಿ, ದೊಡ್ಡದು ಮಾಡಿ ಗೋಡೆಗೆ ಹಾಕ್ತೆ," ಎಂದಳು. ದಾಮೋದರ ಕಿವುಡನಾದ.

ಮರುದಿನ ವಾಪಸು ಹೊರಟೆ. ಸುಂಕಸಾಳದಲ್ಲಿ ರಸ್ತೆಯ ಮೇಲಿನ ಮಣ್ಣನ್ನು ಯಂತ್ರ ಬಳಿದು ಹಾಕುತ್ತಿತ್ತು. ಗಂಗಾವಳಿ ಕೆಳಗೆ ತನ್ನ ಜಾಗದಲ್ಲಿತ್ತು. ಬಿದಿರು ಕೊಚ್ಚಿಹೋದ ದಂಡೆ ಹಲ್ಲು ಕಿತ್ತ ವಸಡಿನ ಹಾಗೆ ಕಾಣುತ್ತಿತ್ತು. ಕಿಟಕಿಯ ಬದಿಗೆ ಕೂತು ನನಗೆ ನಾನೇ ವಾದ ಮಾಡಿಕೊಂಡೆ. ದೋಣಿ ಮೇಲೆ ಸಿಕ್ಕಿದ್ದರಿಂದ ನಾನು ಕಂಡದ್ದು ನಿಜ ಎಂದಾಗುವುದಿಲ್ಲ. ಅದು ನಾನು ಮರಳಿದ ಮೇಲೆ, ಸಂಜೆಯ ಹೊತ್ತಿಗೋ ಮರುದಿನವೋ ಮೇಲಕ್ಕೆ ಹೋಗಿರಬಹುದು. ನಾನು ಕಂಡಾಗ ಎಡಕ್ಕೇ ಹೋಗುತ್ತಿದ್ದಿರಬಹುದು. ಏಣಿಯ ಬುಡದಲ್ಲಿ ನಾನು ಹೇಳಿದ "ಹೌದು" ಬರೀ ಅದೃಷ್ಟವಾಗಿರಬಹುದು.

ನಾನು ದಿಣ್ಣೆಯ ಮೇಲೆ ನಿಂತ ಹೊತ್ತು ಯಾವುದೆಂದು ಹೇಳಬಲ್ಲದ್ದು ಒಂದೇ: ದೋಣಿಯ ಬೆನ್ನಿಗೇ ನಾನು ಫೋಟೋ ತೆಗೆದ ಕಂಪನಿ ಬಸ್ಸು. ಉದಯನ ಪಕ್ಕದ ಮನೆಯವರು ಕೈಗಾದಲ್ಲಿ ಕೆಲಸದವರು. ಆ ಫೋಟೋ ಕಳಿಸಿ ವಿಚಾರಿಸಲು ಹೇಳಿದೆ. ಅವರೇ ಆ ಬಸ್ಸಿನಲ್ಲಿದ್ದರಂತೆ. ಕಿನ್ನರದ ಚಪ್ಪಾಳೆ ಅವರಿಗೆ ನೆನಪಿತ್ತು. ಮನೆಗೆ ಫೋನು ಮಾಡಿ "ದಾಟಿದೆವು" ಎಂದು ಹೇಳಿದ ಗಳಿಗೆಯೂ ಅವರ ಫೋನಿನಲ್ಲಿ ಉಳಿದಿತ್ತು. ಕಾರವಾರದ ಉಬ್ಬರವಿಳಿತದ ಪಟ್ಟಿ ಮುಂಚಿತವಾಗಿಯೇ ಅಚ್ಚಾಗುತ್ತದೆ. ಅದಕ್ಕೆ ಯಾರ ನೆನಪೂ ಬೇಕಾಗಿಲ್ಲ. ಉದಯ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ನನಗೆ ಫೋನು ಮಾಡಿದ. ನಂಬದೆ ನಾನೂ ಪಟ್ಟಿ ತರಿಸಿ ನೋಡಿದೆ.

ಆ ಬಸ್ಸು ಕಿನ್ನರ ದಾಟುವಾಗ ಕಡಲು ಏರುತ್ತಿತ್ತು.